ಪಾದದ ಸಿಆರ್‌ಪಿಎಸ್ ನೋವು ಕೆರಳಿದಾಗ: ಕೊಡಗಿನ ಮಳೆ, ಮೆಟ್ಟಿಲು, ತೋಟದ ನಡುವೆ ನಿಭಾಯಿಸುವ ಬಗೆ

ಕಾಲು ಉಳುಕಿತ್ತು, ಇಲ್ಲವೇ ಮೂಳೆ ಬಿರುಕು ಬಿಟ್ಟಿತ್ತು. ಪ್ಲಾಸ್ಟರ್ ಬಿಚ್ಚಿಯಾಯಿತು. ಎಕ್ಸ್‌ರೇ ನೋಡಿ ಮೂಳೆ ಕೂಡಿದೆ ಎಂದರು. ಆದರೂ ಪಾದ ಉರಿಯುತ್ತದೆ. ಹೊದಿಕೆ ತಾಗಿದರೂ ಜೀವ ಹೋದಂತಾಗುತ್ತದೆ. ಬೆಳಿಗ್ಗೆ ಕೆಂಪಗೆ ಬಿಸಿಯಾಗಿರುತ್ತದೆ, ಸಂಜೆ ನೀಲಿಗಟ್ಟಿ ತಣ್ಣಗಾಗಿರುತ್ತದೆ. ಬಾವು ಬರುತ್ತದೆ, ಒಂದೇ ಪಾದ ಬೆವರುತ್ತದೆ, ಉಗುರು ಮತ್ತು ಕೂದಲು ಬೆಳೆಯುವ ರೀತಿಯೂ ಬದಲಾಗುತ್ತದೆ. ಇದಕ್ಕೆ ನಿಮ್ಮ ಡಾಕ್ಟರು ಸಿಆರ್‌ಪಿಎಸ್, ಅಂದರೆ ಕಾಂಪ್ಲೆಕ್ಸ್ ರೀಜನಲ್ ಪೇನ್ ಸಿಂಡ್ರೋಮ್ ಎಂದು ಹೇಳಿದ್ದರೆ, ಈ ಬರಹ ನಿಮಗಾಗಿ. ಇನ್ನೂ ಯಾರೂ ಹೇಳಿಲ್ಲ, ಆದರೆ ಲಕ್ಷಣಗಳು ಹೀಗೇ ಇವೆ ಎಂದಾದರೆ ಮೊದಲು ಡಾಕ್ಟರಿಗೆ ತೋರಿಸಿ. ಇದನ್ನು ಖಚಿತಪಡಿಸುವ ಒಂದೇ ಒಂದು ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ಲಕ್ಷಣಗಳನ್ನು ಕೇಳಿ, ಕಾಲನ್ನು ಮುಟ್ಟಿ ನೋಡಿ, ಬೇರೆ ಕಾಯಿಲೆ ಅಲ್ಲ ಎಂದು ಖಾತ್ರಿ ಮಾಡಿಕೊಂಡು ಹೇಳುತ್ತಾರೆ. ಬೇಗ ಗೊತ್ತಾದಷ್ಟೂ ಒಳ್ಳೆಯದು.

ಈ ನೋವಿಗೆ ಒಂದು ಗುಣ ಇದೆ. ಸ್ವಲ್ಪ ದಿನ ತಣ್ಣಗಿದ್ದು, ಇದ್ದಕ್ಕಿದ್ದ ಹಾಗೆ ಕೆರಳುತ್ತದೆ. ಕೆಲವು ಗಂಟೆ, ಕೆಲವು ದಿನ, ಕೆಲವೊಮ್ಮೆ ವಾರಗಟ್ಟಲೆ. ಆ ದಿನಗಳನ್ನು ಹೇಗೆ ದಾಟುವುದು ಎಂಬುದಷ್ಟೇ ಇಲ್ಲಿನ ವಿಷಯ.

ಕೆರಳಿದ ನೋವು ಏನು ಹೇಳುತ್ತಿದೆ

ಕಳ್ಳ ಹೋಗಿ ಎಷ್ಟೋ ಹೊತ್ತಾದ ಮೇಲೂ ತೋಟದ ನಾಯಿ ಬೊಗಳುತ್ತಲೇ ಇರುತ್ತದಲ್ವಾ, ನಿಮ್ಮ ನರಗಳು ಈಗ ಆ ಸ್ಥಿತಿಯಲ್ಲಿವೆ. ಪೆಟ್ಟು ಮಾಗಿದೆ, ಎಚ್ಚರಿಕೆ ನಿಂತಿಲ್ಲ. ಹಾಗಾಗಿ ನೋವು ಜಾಸ್ತಿ ಆಯಿತು ಎಂದರೆ ಪಾದ ಮತ್ತೆ ಹಾಳಾಗುತ್ತಿದೆ ಎಂದು ಅರ್ಥ ಅಲ್ಲ. ಹಾಗಂತ ನೋವು ಸುಳ್ಳೂ ಅಲ್ಲ. "ಎಲ್ಲಾ ಮನಸ್ಸಿನದು" ಎನ್ನುವವರಿಗೆ ಒಂದು ಹಳೆಯ ವಿಷಯ ಹೇಳಿ. ಅಮೆರಿಕದ ಅಂತರ್ಯುದ್ಧದಲ್ಲಿ ಗುಂಡೇಟು ತಿಂದ ಸೈನಿಕರಲ್ಲಿ ಇಂಥದೇ ಉರಿನೋವನ್ನು ಸೈಲಸ್ ವೇಯರ್ ಮಿಚೆಲ್ ಎಂಬ ಡಾಕ್ಟರು 1864ರಲ್ಲೇ ದಾಖಲಿಸಿದ್ದಾರೆ. ಒಣಗಿದ್ದು ಏನು ತಾಗಿದರೂ ತಡೆಯಲಾರದೆ, ಕೆಲವರು ತಮ್ಮ ಬೂಟಿನೊಳಗೆ ನೀರು ಸುರಿದುಕೊಂಡು ನಡೆಯುತ್ತಿದ್ದರಂತೆ. ಸೋಗು ಹಾಕುವವರು ಹಾಗೆ ಮಾಡುವುದಿಲ್ಲ.

ನೋವು ಕೆರಳಿದಾಗ ಜನ ಎರಡು ದಾರಿ ಹಿಡಿಯುತ್ತಾರೆ. ಒಂದು, ಹಾಸಿಗೆ ಹಿಡಿದು ಕಾಲನ್ನು ಅಲುಗಿಸದೇ ಇಡುವುದು. ಇನ್ನೊಂದು, ಹಲ್ಲು ಕಚ್ಚಿ ಎಂದಿನ ಕೆಲಸವನ್ನೇ ಮಾಡುವುದು. ಎರಡೂ ಕೆರಳಿದ್ದನ್ನು ಇನ್ನಷ್ಟು ಎಳೆಯುತ್ತವೆ. ಅಲುಗಿಸದ ಕಾಲು ಬಿಗಿಯುತ್ತದೆ, ಸೊರಗುತ್ತದೆ, ಮುಟ್ಟಿದರೆ ಇನ್ನೂ ಹೆದರುತ್ತದೆ. ಆದ್ದರಿಂದ ನೆನಪಿಡಬೇಕಾದ ಲೆಕ್ಕ ಇದು: ಚಟುವಟಿಕೆಯನ್ನು ಅರ್ಧಕ್ಕೆ ಇಳಿಸಿ, ಸೊನ್ನೆಗೆ ಇಳಿಸಬೇಡಿ.

ಹೆಜ್ಜೆ 1: ಬೇರೇನೂ ಆಗಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ

ಎರಡೂ ಕಾಲನ್ನು ಬೆಳಕಿನಲ್ಲಿ ಪಕ್ಕಪಕ್ಕ ಇಟ್ಟು ನೋಡಿ. ಬೆರಳ ಸಂದು, ಹಿಮ್ಮಡಿ, ಅಂಗಾಲು, ಎಲ್ಲಾ. ಬಗ್ಗಿ ನೋಡಲು ಆಗದಿದ್ದರೆ ಮನೆಯವರಿಂದ ಫೋನಿನಲ್ಲಿ ಫೋಟೋ ತೆಗೆಸಿ. ಕೊಡಗಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಿಗಣೆ ಕಚ್ಚದ ಕಾಲು ಅಪರೂಪ. ಕಚ್ಚಿದ ಜಾಗ ಕೆರೆದು ಕೆರೆದು ಕೀವಾಗಿರಬಹುದು. ಒದ್ದೆ ಸಾಕ್ಸ್‌ನಿಂದ ಬೆರಳ ಸಂದು ಬಿರಿದಿರಬಹುದು. ಇಂಥ ಸಣ್ಣ ಗಾಯವೇ ನೋವು ಕೆರಳಲು ಕಾರಣ ಆಗಿರುವುದುಂಟು.

ಕೆಳಗಿನ ಯಾವುದಾದರೂ ಕಂಡರೆ ಮನೆಮದ್ದು, ವ್ಯಾಯಾಮ ಎಲ್ಲ ಬದಿಗಿಟ್ಟು ಅವತ್ತೇ ಆಸ್ಪತ್ರೆಗೆ ಹೋಗಿ:

- ಜ್ವರ, ನಡುಕ, ಕೀವು, ಅಥವಾ ಗಾಯದಿಂದ ಮೇಲಕ್ಕೆ ಹರಡುತ್ತಿರುವ ಕೆಂಪು.
- ಮೀನಖಂಡ ಹೊಸದಾಗಿ ಊದಿ ಬಿಗಿಯಾಗಿ ನೋಯುವುದು. ರಕ್ತ ಹೆಪ್ಪುಗಟ್ಟಿರಬಹುದು. ಜೊತೆಗೆ ಎದೆನೋವು ಅಥವಾ ಉಸಿರು ಕಟ್ಟುವುದು ಇದ್ದರೆ ತಡ ಮಾಡದೆ 108ಕ್ಕೆ ಫೋನ್ ಮಾಡಿ.
- ಪಾದ ಇದ್ದಕ್ಕಿದ್ದಂತೆ ಬಿಳಿಚಿಕೊಂಡು ಹಿಮದಷ್ಟು ತಣ್ಣಗಾಗಿ ಸ್ಪರ್ಶವೇ ಗೊತ್ತಾಗದಿರುವುದು.
- ಹೊಸದಾಗಿ ಬಿದ್ದು, ಕಾಲೂರಲು ಸಾಧ್ಯವೇ ಆಗದಿರುವುದು.
- ಕಾಲಿನ ಶಕ್ತಿ ಕುಂದುತ್ತಾ ಬಂದು ಮೂತ್ರದ ಹಿಡಿತ ತಪ್ಪುವುದು.

ಶುಗರ್ ಇರುವವರಿಗೆ ವಿಶೇಷವಾಗಿ ಹೇಳಬೇಕು. ಪಾದ ಕೆಂಪಗೆ, ಬಿಸಿಯಾಗಿ, ಊದಿಕೊಂಡಿದ್ದರೆ ಅದನ್ನು "ಹಳೇ ನೋವೇ ಇರಬೇಕು" ಎಂದು ಬಿಡಬೇಡಿ. ಒಳಗೆ ಮೂಳೆ ಕುಸಿಯುತ್ತಿದ್ದರೂ ಪಾದ ಹಾಗೇ ಕಾಣುತ್ತದೆ. ಡಾಕ್ಟರು ನೋಡುವವರೆಗೆ ಆ ಕಾಲಿನ ಮೇಲೆ ಭಾರ ಹಾಕಬೇಡಿ.

ಇವು ಯಾವುದೂ ಇಲ್ಲ, ನಿಮಗೆ ಗೊತ್ತಿರುವ ಅದೇ ಉರಿ, ಅದೇ ಬಾವು ಎಂದಾದರೆ ಮುಂದಿನ ಹೆಜ್ಜೆಗೆ ಹೋಗೋಣ.

ಹೆಜ್ಜೆ 2: ಮೊದಲ ಒಂದು ಗಂಟೆ

ಮಾಡುತ್ತಿದ್ದ ಕೆಲಸ ಬಿಟ್ಟು ಕುಳಿತುಕೊಳ್ಳಿ. ಒದ್ದೆ ಸಾಕ್ಸ್, ಗಮ್‌ಬೂಟ್ ತೆಗೆದು ಪಾದ ಒರೆಸಿ. ಉಜ್ಜಬೇಡಿ. ಮೆತ್ತನೆ ಹಳೇ ಟವೆಲನ್ನು ಒತ್ತಿ ಒತ್ತಿ ತೇವ ತೆಗೆಯಿರಿ. ಈ ಕಾಯಿಲೆಯಲ್ಲಿ ಗರಿ ಸವರಿದಂಥ ಸ್ಪರ್ಶಕ್ಕಿಂತ ನಿಧಾನವಾಗಿ ಅಂಗೈಯಲ್ಲಿ ಒತ್ತಿ ಹಿಡಿಯುವುದು ಬಹಳ ಜನರಿಗೆ ಸಹನೀಯ. ಬಾವು ಇದ್ದರೆ ದಿಂಬಿನ ಮೇಲೆ ಕಾಲನ್ನು ಎದೆಯ ಮಟ್ಟಕ್ಕೆ ಏರಿಸಿ ಸುಮಾರು 20 ನಿಮಿಷ ಇಡಿ. ಇಡೀ ದಿನ ಹಾಗೇ ಇಡುವುದು ಬೇಡ.

ಐಸ್ ಇಡಬೇಡಿ. ಉಳುಕಿದ ಹೊಸದರಲ್ಲಿ ಐಸ್ ಇಟ್ಟು ರೂಢಿಯಾಗಿರುವವರು ಇಲ್ಲಿಯೂ ಅದನ್ನೇ ಮಾಡುತ್ತಾರೆ. ಈ ಕಾಯಿಲೆಯಲ್ಲಿ ಪಾದಕ್ಕೆ ಚಳಿಯೇ ಶತ್ರು. ಐಸ್ ರಕ್ತನಾಳಗಳನ್ನು ಬಿಗಿಗೊಳಿಸುತ್ತದೆ, ಮೊದಲೇ ಕೆರಳಿದ ನರಗಳನ್ನು ಇನ್ನಷ್ಟು ಕೆಣಕುತ್ತದೆ.

ಹಾಗಂತ ಬಚ್ಚಲು ಮನೆಯ ಹಂಡೆಯಿಂದ ಕುದಿಯುವ ನೀರು ತಂದು ಕಾಲು ಮುಳುಗಿಸುವುದೂ ತಪ್ಪು. ಪಾದದ ಸ್ಪರ್ಶಜ್ಞಾನ ಏರುಪೇರಾಗಿರುತ್ತದೆ. ಸುಟ್ಟದ್ದು ಗೊತ್ತಾಗುವಷ್ಟರಲ್ಲಿ ಬೊಬ್ಬೆ ಎದ್ದಿರುತ್ತದೆ. ನೀರು ಉಗುರುಬೆಚ್ಚಗಿದ್ದರೆ ಸಾಕು. ಮೊದಲು ಮೊಣಕೈ ಅದ್ದಿ ನೋಡಿ, ಆಮೇಲೆ ಪಾದ. ಒಲೆಯ ಮುಂದೆ ಕೂರುವ ಅಭ್ಯಾಸ ನಮ್ಮ ಕಡೆ ಎಲ್ಲರಿಗೂ ಇದೆ. ಕೂರಿ, ಆದರೆ ಪಾದವನ್ನು ಬೆಂಕಿಯ ಕಡೆ ಚಾಚಬೇಡಿ. ಕೋಣೆ ಬೆಚ್ಚಗಿರಲಿ, ಪಾದ ಒಣಗಿರಲಿ, ಅಷ್ಟೇ.

ಕೂತಲ್ಲೇ ಉಸಿರಾಟ ನಿಧಾನ ಮಾಡಿ. ನಾಲ್ಕು ಎಣಿಸುವವರೆಗೆ ಒಳಗೆ, ಆರು ಎಣಿಸುವವರೆಗೆ ಹೊರಗೆ, ಐದು ನಿಮಿಷ. ಇದರಿಂದ ನೋವು ಮಾಯ ಆಗುವುದಿಲ್ಲ. ನೋವಿನ ಜೊತೆ ಹುಟ್ಟುವ ಗಾಬರಿ ಇಳಿಯುತ್ತದೆ. ಆ ಗಾಬರಿಯೇ ನೋವನ್ನು ಮತ್ತಷ್ಟು ಏರಿಸುವುದು.

ಎಣ್ಣೆ ಹಚ್ಚಿ ಗಟ್ಟಿಯಾಗಿ ತಿಕ್ಕುವುದು, "ನರ ಎಳೆದು ಸರಿ ಮಾಡಿಸುವುದು", ಉರಿಯುವ ಬಾಮ್ ಬಳಿಯುವುದು, ಬಿಗಿ ಕಟ್ಟು ಹಾಕುವುದು, ಇವು ಯಾವುದೂ ಈ ಗಂಟೆಯಲ್ಲಿ ಬೇಡ. ಹಿರಿಯರು ಪ್ರೀತಿಯಿಂದ ಹೇಳಿದರೂ ಪ್ರೀತಿಯಿಂದಲೇ ಬೇಡ ಎನ್ನಿ.

ಹೆಜ್ಜೆ 3: ಆ ದಿನದ ಉಳಿದ ಹೊತ್ತು

ಈಗ ಅರ್ಧದ ಲೆಕ್ಕ ಶುರು. ಮಾಮೂಲಿ ದಿನ ಹತ್ತು ನಿಮಿಷ ನಡೆಯುತ್ತಿದ್ದಿರಾ? ಇವತ್ತು ಐದು ನಿಮಿಷ, ಅದೂ ಎರಡು ಮೂರು ಕಂತಿನಲ್ಲಿ. ಅಡುಗೆಮನೆಯಲ್ಲಿ ಅರ್ಧ ಗಂಟೆ ನಿಲ್ಲುತ್ತಿದ್ದಿರಾ? ಸ್ಟೂಲ್ ಹಾಕಿ ಕೂತು ತರಕಾರಿ ಹೆಚ್ಚಿ. ಅಕ್ಕಿ ರೊಟ್ಟಿ ತಟ್ಟುವುದನ್ನು ಇವತ್ತು ಬೇರೆಯವರು ಮಾಡಲಿ.

ಗಂಟೆಗೊಮ್ಮೆ ಫೋನಿನಲ್ಲಿ ಅಲಾರಂ ಇಟ್ಟು ಪಾದವನ್ನು ಆಡಿಸಿ. ಬೆರಳು ಮಡಚಿ ಬಿಡಿಸಿ. ಪಾದ ಮೇಲಕ್ಕೆ, ಕೆಳಕ್ಕೆ. ಹೆಬ್ಬೆರಳಿನಿಂದ ಗಾಳಿಯಲ್ಲಿ ಅ, ಆ, ಇ, ಈ ಬರೆಯಿರಿ. ಪೂರ್ತಿ ವರ್ಣಮಾಲೆ ಬೇಡ, ನಾಲ್ಕು ಅಕ್ಷರ ಸಾಕು. ನೋವು ಸ್ವಲ್ಪ ಏರುವುದು ಸಹಜ. ನಿಲ್ಲಿಸಿದ ಮೇಲೂ ತುಂಬಾ ಹೊತ್ತು ಇಳಿಯದೇ ಉಳಿದರೆ ಮುಂದಿನ ಸಲ ಇನ್ನೂ ಕಡಿಮೆ ಮಾಡಿ.

ಕೂತಿರುವಾಗ ಪಾದ ನೆಲಕ್ಕೆ ತಾಗಿರಲಿ. ಇದು ಸಣ್ಣ ವಿಷಯ ಅನ್ನಿಸಬಹುದು, ಆದರೆ ನನ್ನ ಪ್ರಕಾರ ಇಡೀ ದಿನದ ಕೆಲಸದಲ್ಲಿ ಇದೇ ಮುಖ್ಯ. ನೋಯುವ ಪಾದವನ್ನು ಗಾಳಿಯಲ್ಲಿ ತೂಗುಬಿಟ್ಟು, ಇನ್ನೊಂದು ಕಾಲಲ್ಲೇ ಕುಂಟುವುದು ಎರಡೇ ದಿನದಲ್ಲಿ ಅಭ್ಯಾಸ ಆಗಿಬಿಡುತ್ತದೆ. ಅದನ್ನು ಬಿಡಿಸಲು ತಿಂಗಳು ಬೇಕು. ಮಳೆಗಾಲದಲ್ಲಿ ಸಿಮೆಂಟ್ ನೆಲ ಕೊರೆಯುತ್ತದೆ, ಹಾಗಾಗಿ ಮಡಚಿದ ಕಂಬಳಿಯ ಮೇಲೆ ಹತ್ತಿ ಬಟ್ಟೆ ಹಾಸಿ ಅದರ ಮೇಲೆ ಪಾದ ಇಡಿ. ವಾಕರ್ ಅಥವಾ ಊರುಗೋಲು ಬೇಕಾದರೆ ಬಳಸಿ, ಆದರೆ ಪ್ರತಿ ಹೆಜ್ಜೆಗೂ ಪಾದ ನೆಲ ಮುಟ್ಟಲಿ, ಭಾರ ಎಷ್ಟೇ ಕಡಿಮೆ ಇರಲಿ.

ಬೀಡಿ, ಸಿಗರೇಟ್ ಸೇದುವವರು ಈ ದಿನಗಳಲ್ಲಾದರೂ ಬಿಡಿ. ನಿಕೋಟಿನ್ ರಕ್ತನಾಳಗಳನ್ನು ಬಿಗಿಯುತ್ತದೆ.

ಹೆಜ್ಜೆ 4: ರಾತ್ರಿ

ಹಗಲು ಹೇಗೋ ಕಳೆಯುತ್ತದೆ, ರಾತ್ರಿಯೇ ಕಷ್ಟ. ಕೊಡಗಿನ ಚಳಿಗೆ ಹೊದೆಯದೆ ಮಲಗಲು ಆಗುವುದಿಲ್ಲ. ಹೊದ್ದರೆ ಕಂಬಳಿಯ ಭಾರ ಪಾದ ತಡೆಯುವುದಿಲ್ಲ. ನಮ್ಮ ಅಕ್ಕನಿಗೆ ಪಾಚಿಗಟ್ಟಿದ ಅಂಗಳದಲ್ಲಿ ಜಾರಿ ಪಾದದ ಗಂಟು ಮುರಿದ ಮೇಲೆ ಈ ಕಾಯಿಲೆ ಬಂತು. ಭಾವ ಒಂದು ದೊಡ್ಡ ರಟ್ಟಿನ ಪೆಟ್ಟಿಗೆಯ ತಳ ಮತ್ತು ಒಂದು ಬದಿ ಕತ್ತರಿಸಿ ಹಾಸಿಗೆಯ ಕಾಲ್ದೆಸೆಗೆ ಇಟ್ಟರು. ಅಕ್ಕ ಅದರೊಳಗೆ ಪಾದ ಇಡುತ್ತಾರೆ, ಕಂಬಳಿ ಪೆಟ್ಟಿಗೆಯ ಮೇಲೆ ಬರುತ್ತದೆ. ಒಳಗೆ ಬೆಚ್ಚಗಿರುತ್ತದೆ, ಪಾದಕ್ಕೆ ಏನೂ ತಾಗುವುದಿಲ್ಲ. ಪೆಟ್ಟಿಗೆಯ ಅಂಚಿಗೆ ಹಳೇ ಪಂಚೆಯ ತುಂಡು ಸುತ್ತಿ ಅಂಟಿಸಿದ್ದಾರೆ, ನಿದ್ದೆಯಲ್ಲಿ ಕಾಲು ಹೊರಳಿದರೆ ಚುಚ್ಚಬಾರದು ಎಂದು. ಕಾಸು ಖರ್ಚಿಲ್ಲದ ಉಪಾಯ. ಬಿದಿರಿನ ಬುಟ್ಟಿಯನ್ನೂ ಕವುಚಿ ಇಡಬಹುದು.

ಸಾಕ್ಸ್ ಹಾಕುವುದಾದರೆ ಸಡಿಲವಾದದ್ದನ್ನು ಒಳಹೊರಗು ತಿರುಗಿಸಿ ಹಾಕಿ. ಹೊಲಿಗೆ ಹೊರಗೆ ಬರುತ್ತದೆ, ಬೆರಳಿಗೆ ಒತ್ತುವುದಿಲ್ಲ. ಬಿಸಿನೀರಿನ ಚೀಲವನ್ನು ಮಲಗುವ ಮುಂಚೆ ಹಾಸಿಗೆ ಬೆಚ್ಚಗೆ ಮಾಡಲು ಬಳಸಿ, ಮಲಗುವಾಗ ತೆಗೆದುಬಿಡಿ. ಕರೆಂಟ್ ಹೋಗುವುದು ಗ್ಯಾರಂಟಿ, ಆದ್ದರಿಂದ ಟಾರ್ಚ್ ಕೈಗೆ ಸಿಗುವಲ್ಲಿರಲಿ. ಕತ್ತಲಲ್ಲಿ ಮೆಟ್ಟಿಲು ಇಳಿದು ಬಚ್ಚಲಿಗೆ ಹೋಗುವ ಮನೆಯಾದರೆ, ಈ ಕೆಲವು ರಾತ್ರಿ ಒಬ್ಬರು ಜೊತೆಗಿರಲಿ.

ಔಷಧದ ವಿಷಯ

ಡಾಕ್ಟರು ಬರೆದದ್ದನ್ನು ಬರೆದ ಹಾಗೇ ತೆಗೆದುಕೊಳ್ಳಿ. ಸಿಆರ್‌ಪಿಎಸ್‌ಗೆ ಸಾಮಾನ್ಯವಾಗಿ ಕೊಡುವ ಗಾಬಾಪೆಂಟಿನ್, ಪ್ರಿಗಾಬಲಿನ್, ಅಮಿಟ್ರಿಪ್ಟಿಲಿನ್ ಇವು ಮೆಡಿಕಲ್ ಶಾಪಿನ ಸಾಮಾನ್ಯ ನೋವಿನ ಮಾತ್ರೆಗಳಂತಲ್ಲ. ನೋವು ಬಂದಾಗ ನುಂಗಿ, ಹೋದಾಗ ಬಿಡುವಂಥವೂ ಅಲ್ಲ. ಕೆರಳಿದ ದಿನ ನೀವೇ ಎರಡು ಜಾಸ್ತಿ ನುಂಗಬೇಡಿ. ಕಡಿಮೆಯಾಯಿತೆಂದು ಒಮ್ಮೆಲೇ ನಿಲ್ಲಿಸಲೂ ಬೇಡಿ. ಇವು ತೂಕಡಿಕೆ, ತಲೆಸುತ್ತು ತರುತ್ತವೆ. ಚಳಿಗೆಂದು ಒಂದು ಪೆಗ್ ಹಾಕುವ ಅಭ್ಯಾಸ ಇರುವವರು ದಯವಿಟ್ಟು ಕೇಳಿ: ಈ ಮಾತ್ರೆಗಳ ಜೊತೆ ಮದ್ಯ ಅಪಾಯ. ಉಸಿರಾಟವೇ ನಿಧಾನ ಆಗಬಹುದು.

ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ಮಾತ್ರೆಗಳನ್ನು ದಿನಗಟ್ಟಲೆ ಸ್ವಂತವಾಗಿ ನುಂಗಿದರೆ ಹೊಟ್ಟೆಗೂ ಕಿಡ್ನಿಗೂ ಹೊಡೆತ. "ಮುಂದೆ ನೋವು ಕೆರಳಿದರೆ ಯಾವುದನ್ನು, ಎಷ್ಟು, ಎಷ್ಟು ದಿನ?" ಎಂದು ಡಾಕ್ಟರನ್ನು ಮೊದಲೇ ಕೇಳಿ ಬರೆಸಿಕೊಳ್ಳಿ. ಮಳೆಗಾಲದಲ್ಲಿ ಮರ ಬಿದ್ದು, ಗುಡ್ಡ ಜರಿದು ರಸ್ತೆ ಮುಚ್ಚುವುದು ನಮಗೆ ಹೊಸದಲ್ಲ. ಎರಡು ವಾರದ ಮಾತ್ರೆ ಮನೆಯಲ್ಲಿ ಜಾಸ್ತಿ ಇರಲಿ.

ಹೆಜ್ಜೆ 5: ಎರಡನೇ ದಿನದಿಂದ ಸ್ಪರ್ಶ ಮತ್ತು ಕನ್ನಡಿ

ಫಿಸಿಯೋಥೆರಪಿಸ್ಟ್ ನಿಮಗೆ ಸ್ಪರ್ಶದ ಅಭ್ಯಾಸ ಕಲಿಸಿರುತ್ತಾರೆ. ಬೇರೆ ಬೇರೆ ಬಟ್ಟೆ, ಕಾಳು ತಾಗಿಸಿ ಚರ್ಮದ ಅತಿಸೂಕ್ಷ್ಮತೆ ಇಳಿಸುವುದು. ಅಕ್ಕ ಒಳ್ಳೆಯ ದಿನಗಳಲ್ಲಿ ಅಗಲವಾದ ಟ್ರೇಯಲ್ಲಿ ಪಾದ ಇಡುತ್ತಾರೆ. ಮೊದಲು ರಾಗಿ, ಆಮೇಲೆ ಅಕ್ಕಿ, ಕೊನೆಗೆ ಒಣಗಿದ ಕಾಫಿ ಬೀಜ. ಕಾಫಿ ಬೀಜದ ಮೇಲೆ ಬೆರಳು ಆಡಿಸುವಾಗ ಮುಖ ಸಿಂಡರಿಸುತ್ತಾರೆ, ಆದರೆ ಪಾದ ಎಳೆದುಕೊಳ್ಳುವುದಿಲ್ಲ. ಕೆರಳಿದ ದಿನಗಳಲ್ಲಿ ಆ ಟ್ರೇ ಮೂಲೆ ಸೇರುತ್ತದೆ. ಹಾಗೆಂದು ಸ್ಪರ್ಶ ಪೂರ್ತಿ ನಿಲ್ಲುವುದಿಲ್ಲ, ಮೆತ್ತನೆ ಹತ್ತಿ ಬಟ್ಟೆಗೆ ಇಳಿಯುತ್ತದೆ. ಮೊಣಕಾಲಿನ ಹತ್ತಿರ, ನೋವೇ ಇಲ್ಲದ ಜಾಗದಿಂದ ಶುರು ಮಾಡಿ, ನಿಧಾನಕ್ಕೆ ಕೆಳಗೆ ಬನ್ನಿ. ನೋವಿನ ಗಡಿ ಎಲ್ಲಿ ಶುರುವಾಗುತ್ತದೋ ಅಲ್ಲಿ ಒಂದೆರಡು ನಿಮಿಷ ನಿಲ್ಲಿ. ಮುಟ್ಟುವಾಗ ಪಾದವನ್ನೇ ನೋಡುತ್ತಿರಿ. ಬಟ್ಟೆ ನಿಮ್ಮ ಕೈಯಲ್ಲೇ ಇರಲಿ. ಬೇರೆಯವರು ಮುಟ್ಟಿದರೆ ನರಗಳು ಜಾಸ್ತಿ ಬೆಚ್ಚುತ್ತವೆ.

ಕನ್ನಡಿ ಅಭ್ಯಾಸ ಕಲಿತವರಿಗೆ ಅದರ ಮೂರು ಮೆಟ್ಟಿಲು ಗೊತ್ತು. ಮೊದಲನೆಯದು, ಫೋಟೋದಲ್ಲಿರುವ ಪಾದ ಎಡದ್ದೋ ಬಲದ್ದೋ ಎಂದು ಬೇಗ ಗುರುತಿಸುವುದು. ಎರಡನೆಯದು, ಕಾಲು ಅಲುಗಿಸದೆ ಪಾದ ಆಡಿಸಿದಂತೆ ಮನಸ್ಸಿನಲ್ಲೇ ಕಲ್ಪಿಸಿಕೊಳ್ಳುವುದು. ಮೂರನೆಯದು, ಎರಡು ಕಾಲಿನ ನಡುವೆ ಕನ್ನಡಿ ನಿಲ್ಲಿಸಿ, ನೋಯುವ ಪಾದವನ್ನು ಕನ್ನಡಿಯ ಹಿಂದೆ ಮರೆಮಾಡಿ, ಒಳ್ಳೆಯ ಪಾದದ ಬಿಂಬ ನೋಡುತ್ತಾ ಆಡಿಸುವುದು. ಮಿದುಳಿಗೆ ನೋಯುವ ಪಾದವೇ ಸಲೀಸಾಗಿ ಆಡುತ್ತಿರುವಂತೆ ಕಾಣುತ್ತದೆ. ಕೆರಳಿದಾಗ ನೀವಿದ್ದ ಮೆಟ್ಟಿಲಿನಿಂದ ಒಂದು ಕೆಳಗೆ ಇಳಿಯಿರಿ. ಕನ್ನಡಿಯಲ್ಲಿದ್ದವರು ಕಲ್ಪನೆಗೆ, ಕಲ್ಪನೆಯಿಂದಲೂ ನೋವು ಏರಿದರೆ ಫೋಟೋಗೆ. ಬರೀ ಕಲ್ಪನೆಯಿಂದ ನೋವು ಏರುವುದು ಕೆಲವರಿಗೆ ನಿಜವಾಗಿಯೂ ಆಗುತ್ತದೆ, ಹೆದರಬೇಡಿ. ಮನೆಯವರ ಪಾದಗಳ ಫೋಟೋಗಳನ್ನು ಬೇರೆ ಬೇರೆ ಕೋನದಿಂದ ತೆಗೆದು ಫೋನಿನಲ್ಲಿ ಇಟ್ಟುಕೊಂಡರೆ ನೆಟ್‌ವರ್ಕ್ ಇಲ್ಲದ ದಿನವೂ ಅಭ್ಯಾಸ ನಡೆಯುತ್ತದೆ.

ಹೆಜ್ಜೆ 6: ಮತ್ತೆ ಏರುವುದು

ನೋವು ಇಳಿದ ಮೊದಲ ದಿನವೇ ಬಾಕಿ ಉಳಿದ ಕೆಲಸವನ್ನೆಲ್ಲ ಮುಗಿಸಲು ಹೊರಡುವುದು, ಮೂರನೇ ದಿನ ಮತ್ತೆ ಬೀಳುವುದು. ಈ ಸುತ್ತು ತುಂಬಾ ಮನೆಗಳಲ್ಲಿ ನಡೆಯುತ್ತದೆ. ಇಳಿದ ದಿನವೂ ಅರ್ಧದಲ್ಲೇ ಇರಿ. ಮರುದಿನ ಮುಕ್ಕಾಲು. ಹಾಗೇ ಎರಡು ಮೂರು ದಿನ ತೆಗೆದುಕೊಂಡು ಮಾಮೂಲಿಗೆ ಬನ್ನಿ. ಅಲ್ಲಿಂದ ಮುಂದಕ್ಕೆ ಏರಿಸುವಾಗ ಹತ್ತು ನಿಮಿಷ ಇದ್ದದ್ದು ಹನ್ನೊಂದು ಆಗಲಿ, ಇಪ್ಪತ್ತು ಆಗುವುದು ಬೇಡ. ಕೆಲಸ ನಿಲ್ಲಿಸಬೇಕೆಂದು ಗಡಿಯಾರ ಹೇಳಲಿ. ನೋವು ಬಂದು ಹೇಳುವವರೆಗೆ ಕಾಯಬೇಡಿ.

ಯಾವುದರಿಂದ ಕೆರಳಿತು ಎಂದು ಒಂದು ಸಾಲು ಬರೆದಿಡಿ: ಜಾಸ್ತಿ ನಡೆದದ್ದಾ, ಎರಡು ದಿನ ಅಲುಗದೇ ಮಲಗಿದ್ದಾ, ಕಾಲು ಒದ್ದೆಯಾದದ್ದಾ, ನಿದ್ದೆಗೆಟ್ಟದ್ದಾ, ಮನೆಯಲ್ಲಿ ಜಗಳ ಆದದ್ದಾ. ಕಾರಣವೇ ಸಿಗದಿರುವುದೂ ಉಂಟು. ಆಗ ಹುಡುಕುತ್ತಾ ಕೂರಬೇಡಿ.

ತೋಟ, ಹಬ್ಬ, ಪ್ರಯಾಣ

ಕಾಫಿ ಕೊಯ್ಲಿನ ಕಾಲದಲ್ಲಿ ದಿನಗೂಲಿಯವರಿಗೆ "ಅರ್ಧ ಮಾಡಿ" ಎನ್ನುವುದು ಸುಲಭ, ಮಾಡುವುದು ಕಷ್ಟ. ಕೂಲಿ ಹೋಗುತ್ತದೆ. ಆದ್ದರಿಂದ ಕೆರಳುವ ಮೊದಲೇ ರೈಟರ್ ಅಥವಾ ಮೇಸ್ತ್ರಿಯ ಹತ್ತಿರ ಮಾತಾಡಿ, ಡಾಕ್ಟರ ಚೀಟಿ ತೋರಿಸಿ. ಕೂತು ಮಾಡುವ ಕೆಲಸ ತೋಟದಲ್ಲಿ ಇದ್ದೇ ಇದೆ: ಬೀಜ ಆರಿಸುವುದು, ಮೆಣಸು ಬಿಡಿಸುವುದು, ನರ್ಸರಿ ಚೀಲಕ್ಕೆ ಮಣ್ಣು ತುಂಬುವುದು. ತೋಟದ ಮಾಲೀಕರಿಗೂ ಒಂದು ಮಾತು. ಇಳಿಜಾರಿನಲ್ಲಿ ಮೂಟೆ ಹೊರಿಸಿ ಆಳನ್ನೇ ಕಳೆದುಕೊಳ್ಳುವುದಕ್ಕಿಂತ ಕಣದಲ್ಲಿ ನೆರಳಿಗೆ ಒಂದು ಸ್ಟೂಲ್ ಹಾಕಿ ಕೂರಿಸುವುದು ಮೇಲು.

ಪುತ್ತರಿಗೋ ಮದುವೆಗೋ ಹೋಗಲೇಬೇಕು, ಹೋಗಿ. ಹಬ್ಬ ಬಿಟ್ಟು ಮನೆಯಲ್ಲಿ ಒಬ್ಬರೇ ಕೂರುವುದು ನೋವಿಗೆ ಒಳ್ಳೆಯದಲ್ಲ. ಕುರ್ಚಿ ಮೊದಲೇ ಹೇಳಿಡಿ, ಜನ ತುಳಿಯದ ಕಡೆ ಕೂರಿ, ವಾಪಸ್ ಬರಲು ಗಾಡಿ ಗೊತ್ತು ಮಾಡಿ, ಮರುದಿನಕ್ಕೆ ಏನೂ ಇಟ್ಟುಕೊಳ್ಳಬೇಡಿ.

ನೋವಿನ ತಜ್ಞರನ್ನು ಕಾಣಲು ಮೈಸೂರಿಗೋ ಮಂಗಳೂರಿಗೋ ಹೋಗಬೇಕಾಗಬಹುದು. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್. ಕಾಲು ಇಳಿಬಿಟ್ಟು ಅಷ್ಟು ದೂರ ಕೂತರೆ ಬಾವು ಖಂಡಿತ. ಗಂಟೆಗೊಮ್ಮೆ ಗಾಡಿ ನಿಲ್ಲಿಸಿ ನಾಲ್ಕು ಹೆಜ್ಜೆ ನಡೆಯಿರಿ. ಮಂಗಳೂರಿಗಾದರೆ ಸಂಪಾಜೆ ಘಾಟಿಯಲ್ಲಿ ಇಳಿಯುವಾಗ ತಿರುವುಗಳಲ್ಲಿ ಪಾದ ಸೀಟಿಗೆ ಬಡಿಯದಂತೆ ಬದಿಗೆ ದಿಂಬು ಇಡಿ.

ಮನೆಯವರಿಗೆ

ಗಂಟೆಗೊಮ್ಮೆ "ನೋವು ಹೇಗಿದೆ?" ಎಂದು ಕೇಳಬೇಡಿ. ಮರೆಯಲು ಹೊರಟವರಿಗೆ ನೆನಪಿಸಿದಂತೆ. "ಈಗ ಅಲಾರಂ ಹೊಡೆಯಿತು, ಬೆರಳು ಆಡಿಸೋಣವಾ?" ಎಂದು ಕೇಳಿ. ಮಕ್ಕಳು, ನಾಯಿ ಹಾಸಿಗೆಯ ಆ ಬದಿಗೆ ಹೋಗದಂತೆ ನೋಡಿಕೊಳ್ಳಿ. ನೋವಿನಲ್ಲಿರುವವರು "ಬದುಕೇ ಬೇಡ" ಎಂದರೆ ಅದನ್ನು ಬೇಸರದ ಮಾತು ಎಂದು ತಳ್ಳಿಹಾಕಬೇಡಿ. ಒಬ್ಬರನ್ನೇ ಬಿಡಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ಹಗಲು ರಾತ್ರಿ ಸಿಗುತ್ತಾರೆ, ಖರ್ಚಿಲ್ಲ.

ಚೀಟಿ

ಇದನ್ನೆಲ್ಲ ನೋವಿನಲ್ಲಿ ನೆನಪಿಡಲು ಆಗುವುದಿಲ್ಲ. ನೋವು ಕಡಿಮೆ ಇರುವ ದಿನ ಒಂದು ಹಾಳೆಯಲ್ಲಿ ಬರೆದು ಅಡುಗೆಮನೆ ಬಾಗಿಲಿಗೆ ಅಂಟಿಸಿ. ಮೇಲೆ ಆಸ್ಪತ್ರೆಗೆ ಓಡಬೇಕಾದ ಲಕ್ಷಣಗಳು. ಅದರ ಕೆಳಗೆ ನಿಮ್ಮ ಮಾಮೂಲಿ ನಡಿಗೆ ಎಷ್ಟು ನಿಮಿಷ, ಅದರ ಅರ್ಧ ಎಷ್ಟು. ಮಾತ್ರೆಗಳ ಹೆಸರು ಮತ್ತು ಹೊತ್ತು. ಡಾಕ್ಟರು, ಫಿಸಿಯೋ, ಗಾಡಿಯವರ ನಂಬರ್. ಅಡುಗೆಯನ್ನು ಯಾರು ನೋಡಿಕೊಳ್ಳುತ್ತಾರೆ, ದನ ಯಾರು ಕಟ್ಟುತ್ತಾರೆ ಎಂಬುದನ್ನೂ ಹೆಸರು ಹಾಕಿ ಬರೆಯಿರಿ. ಹೆಸರಿಲ್ಲದ ಕೆಲಸ ಕೊನೆಗೆ ನೋಯುವ ಕಾಲಿನವರ ಮೇಲೇ ಬೀಳುತ್ತದೆ. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಆ ಹಾಳೆ, ಕೆರಳಿದ ದಿನ ತೆಗೆದ ಪಾದದ ಫೋಟೋ ಎರಡನ್ನೂ ಜೊತೆಗೆ ತೆಗೆದುಕೊಂಡು ಹೋಗಿ. ಆಸ್ಪತ್ರೆ ತಲುಪುವ ಹೊತ್ತಿಗೆ ಪಾದದ ಬಣ್ಣ ಮಾಮೂಲಿಗೆ ಬಂದುಬಿಟ್ಟಿರುತ್ತದೆ, ಫೋಟೋ ಇದ್ದರೆ ತೋರಿಸಬಹುದು.